ಟೆಸ್ಟ್ ಕಾನ್ಫಿಗ್‌ನಲ್ಲಿ ಹೆಸರಿಗೊಂದು ಶಿಸ್ತಿರಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ ಭಾಗದ ಕಾಲೇಜುಗಳಲ್ಲಿ ಲಿನಕ್ಸ್ ಸ್ಟೋರೇಜ್ ಪರೀಕ್ಷೆಯನ್ನು ಪ್ರಾಜೆಕ್ಟ್‌ಗೆ ಆರಿಸಿಕೊಳ್ಳುವ ವಿದ್ಯಾರ್ಥಿಗಳ ಮತ್ತು ಲ್ಯಾಬ್ ನೋಡಿಕೊಳ್ಳುವವರ ಗಮನಕ್ಕೆ ಈ ಪತ್ರ. ಟೆಸ್ಟ್ ಬರೆಯುವಾಗಿನ ಶ್ರದ್ಧೆ ಟೆಸ್ಟ್ ಯಾವ ಡಿಸ್ಕ್ ಮೇಲೆ, ಹೇಗೆ ಓಡಬೇಕೆಂದು ತಿಳಿಸುವ ಕಾನ್ಫಿಗ್ ಫೈಲಿನ ವೇರಿಯಬಲ್‌ಗೆ ಹೆಸರಿಡುವಾಗಲೂ ಬೇಕು. ಅಲ್ಲಿ ಎಡವಿದರೆ ಹೋಗುವುದು ಡಿಸ್ಕ್‌ನಲ್ಲಿದ್ದ ಡೇಟಾ.

ಫೈಲ್‌ಸಿಸ್ಟಂ ಪರೀಕ್ಷಿಸುವ ಟೆಸ್ಟ್‌ಗಳ ಸಂಗ್ರಹವಾದ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನಲ್ಲಿ ‘ಟೆಸ್ಟ್_ಡೆವ್’ ಎಂದು ಕೊಟ್ಟ ಡಿಸ್ಕ್‌ನ ಫೈಲ್‌ಸಿಸ್ಟಂ ಒಂದು ಟೆಸ್ಟ್‌ನಿಂದ ಇನ್ನೊಂದಕ್ಕೆ ಹಾಗೇ ಉಳಿಯುತ್ತದೆ. ‘ಸ್ಕ್ರ್ಯಾಚ್_ಡೆವ್’ ಅನ್ನು ಟೆಸ್ಟ್‌ಗಳು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡುತ್ತವೆ. ಡಿಸ್ಕ್‌ಗಳನ್ನು ನಡೆಸುವ ಕರ್ನೆಲ್ ಭಾಗವನ್ನು ಪರೀಕ್ಷಿಸುವ ಬ್ಲಾಕ್‌ಟೆಸ್ಟ್ಸ್‌ಗೆ ಬಂದರೆ ಹೆಸರು ‘ಟೆಸ್ಟ್_ಡೆವ್ಸ್’. ಕೊನೆಯಲ್ಲೊಂದು ‘ಎಸ್’ ಹೆಚ್ಚು, ಆದರೆ ಅದರಲ್ಲಿರುವ ಡಿಸ್ಕ್‌ಗಳಲ್ಲಿ ಏನೂ ಉಳಿಯುತ್ತದೆಂಬ ಭರವಸೆಯಿಲ್ಲ. ಬರೆಯುವ ಕ್ರಮವೂ ಬೇರೆ. ಬ್ಲಾಕ್‌ಟೆಸ್ಟ್ಸ್‌ನದು ಬ್ಯಾಶ್ (ಲಿನಕ್ಸ್‌ನ ಕಮಾಂಡ್ ಶೆಲ್) ಅರೇ, ಅಂದರೆ ಪಟ್ಟಿ: ಆವರಣ ಚಿಹ್ನೆಯೊಳಗೆ, ಡಿಸ್ಕ್‌ಗಳ ನಡುವೆ ಸ್ಪೇಸ್. ಅಲ್ಲಿ ಕಾಮಾ ಹಾಕಿ ಒತ್ತಾಗಿ ಬರೆದರೆ ಎರಡು ಡಿಸ್ಕ್ ಸೇರಿ ಇಲ್ಲದ ಒಂದೇ ಡಿಸ್ಕ್ ಆಗುತ್ತದೆ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ಗೆ ಹಲವು ಡಿಸ್ಕ್ ಕೊಡುವ ‘ಸ್ಕ್ರ್ಯಾಚ್_ಡೆವ್_ಪೂಲ್’ ಮಾತ್ರ ಕೋಟ್ಸ್ ಒಳಗಿನ ಸಾದಾ ಸ್ಟ್ರಿಂಗ್.

ಎಕ್ಸ್‌ಎಫ್‌ಎಸ್‌ಟೆಸ್ಟ್ಸ್, ಬ್ಲಾಕ್‌ಟೆಸ್ಟ್ಸ್ ಎರಡೂ ಸಾಮಾನ್ಯವಾಗಿ ಕಾನ್ಫಿಗ್ ಫೈಲನ್ನು ಬ್ಯಾಶ್ ಸ್ಕ್ರಿಪ್ಟ್ ಆಗಿಯೇ ಓದುತ್ತವೆ. ಆದ್ದರಿಂದ = ಚಿಹ್ನೆಯ ಅಕ್ಕಪಕ್ಕ ಸ್ಪೇಸ್ ಬಿಟ್ಟರೆ ಬ್ಯಾಶ್ ಆ ಹೆಸರನ್ನೇ ಕಮಾಂಡ್ ಅಂದುಕೊಳ್ಳುತ್ತದೆ. ಅದಾದರೂ ಕಣ್ಣಿಗೆ ಬೀಳುವ ತಪ್ಪು. ಡಿಫಾಲ್ಟ್ ಮೌಲ್ಯವಿರುವ ವೇರಿಯಬಲ್‌ನ ಕ್ಯಾಪಿಟಲ್ ಅಕ್ಷರದ ಹೆಸರನ್ನು ಸ್ಮಾಲ್‌ನಲ್ಲಿ ಬರೆದರೆ ತಪ್ಪೆಂದು ಯಾರೂ ಹೇಳುವುದಿಲ್ಲ. ಆ ಡಿಫಾಲ್ಟ್‌ನಲ್ಲೇ ಟೆಸ್ಟ್ ಓಡಿ ‘ಪಾಸ್’ ಅನ್ನುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ ಇದೇ. ವಿಂಡೋಸ್‌ನಲ್ಲಿ ತಿದ್ದಿದ ಫೈಲಿನ ಸಾಲಿನ ಕೊನೆಗೆ ಕಾಣದ ಅಕ್ಷರವೊಂದು ಅಂಟಿಕೊಂಡು, ಇರುವ ಡಿಸ್ಕೇ ಇಲ್ಲವೆಂದು ಬರುವುದೂ ಉಂಟು. ‘ಡಾಸ್2ಯುನಿಕ್ಸ್’ ಓಡಿಸಿದರೆ ಸರಿಯಾಗುತ್ತದೆ.

ಹೊರಗಿನಿಂದ ಕೊಡುವ ವೇರಿಯಬಲ್‌ಗಳೆಲ್ಲ ಕ್ಯಾಪಿಟಲ್ ಅಕ್ಷರ ಮತ್ತು ಅಂಡರ್‌ಸ್ಕೋರ್‌ನಲ್ಲಿರಲಿ, ಫಂಕ್ಷನ್ ಒಳಗಿನವು ಸ್ಮಾಲ್‌ನಲ್ಲಿ. ಬ್ಲಾಕ್‌ಟೆಸ್ಟ್ಸ್‌ನಲ್ಲೂ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿಗಳು ಬಳಸುವ ಪ್ರೋಟೋಕಾಲ್) ಟೆಸ್ಟ್‌ಗಳ ಸ್ಮಾಲ್ ಅಕ್ಷರದ ಹೆಸರುಗಳನ್ನು ಆಮೇಲೆ ಕ್ಯಾಪಿಟಲ್‌ಗೆ ಬದಲಿಸಿದರು. ಹಾಗೆ ಬದಲಿಸುವಾಗ ಹಳೆ ಹೆಸರು ಕೆಲಕಾಲ ನಡೆಯಲಿ, ಹಳತು ಹೊಸತು ಎರಡೂ ಕಂಡರೆ ಟೆಸ್ಟ್ ನಿಂತುಬಿಡಲಿ. ಗಾತ್ರವನ್ನು ಬರಿಯ 1024 ಎಂದು ಬರೆದರೆ ಬೈಟೋ ಎಂಬಿಯೋ ತಿಳಿಯದು. ಯೂನಿಟ್ ಜೊತೆಗೇ ಇರಲಿ.

ಡಿಸ್ಕ್ ಹೆಸರಿನ ವಿಷಯದಲ್ಲಂತೂ ಕೈಮುಗಿದು ಕೇಳುತ್ತೇನೆ. ಇಂದಿನ ‘ಎಸ್‌ಡಿಬಿ’ ರೀಬೂಟ್ ಆದಮೇಲೆ ‘ಎಸ್‌ಡಿಸಿ’ ಆಗಬಹುದು. ‘/ಡೆವ್/ಡಿಸ್ಕ್/ಬೈ-ಐಡಿ’ ಒಳಗಿನ ಹೆಸರನ್ನೇ ಕೊಡಿ, ಓಡಿಸುವ ಮುಂಚೆ ಡಿಸ್ಕ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್‌ನಲ್ಲಿ ಅದು ಮೌಂಟ್ ಆಗಿಲ್ಲವೆಂದು ನೋಡಿ.

ಪ್ರತಿ ಲ್ಯಾಬ್‌ನಲ್ಲಿ ಒಂದು ಮಾದರಿ ಕಾನ್ಫಿಗ್ ಇಡಬೇಕು. ಡಿಸ್ಕ್ ಅಳಿಸುವ ಪ್ರತಿ ವೇರಿಯಬಲ್‌ನ ಮೇಲಿನ ಸಾಲಿನಲ್ಲಿ # ಹಾಕಿ, ‘ಈ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ’ ಎಂದು ಕನ್ನಡದಲ್ಲೇ ಬರೆಯಬಹುದು. ಬ್ಯಾಶ್‌ಗೆ ಅದರಿಂದ ತೊಂದರೆಯಿಲ್ಲ. ಬೇರೆ ಡಿಸ್ಕ್ ಇಲ್ಲದಿದ್ದರೆ ‘ಟ್ರಂಕೇಟ್’ನಿಂದ 10 ಜಿಬಿಯ ಎರಡು ಫೈಲ್ ಮಾಡಿ, ‘ಲೋಸೆಟಪ್’ನಿಂದ ಲೂಪ್ ಡಿವೈಸ್‌ಗಳಾಗಿಸಿ (ಫೈಲೇ ಡಿಸ್ಕ್‌ನಂತೆ ಕಾಣುವಂತೆ ಮಾಡಿ) ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ಗೆ ಕೊಡಿ. ಕಲಿಯಲು ಅಷ್ಟು ಸಾಕು.

– ಸ್ಟೋರೇಜ್ ಪರೀಕ್ಷಾ ಎಂಜಿನಿಯರ್, ಕದ್ರಿ, ಮಂಗಳೂರು