'ಇತರೆ' ಅಂದರೆ ಯಾರು? ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯ ಕಾರ್ಯದರ್ಶಿಯವರಿಗೆ ನಮಸ್ಕಾರ.

ನಾಡಕಚೇರಿ ಎದುರು ಕೂತು ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ಆಯ್ತು. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ. ಕೈ ತಾನೇ ಬರೆದುಕೊಂಡು ಹೋಗುತ್ತದೆ. ಕಳೆದ ತಿಂಗಳು ಒಬ್ಬರ ಅರ್ಜಿಗೆ ಕೂತಾಗ ಆ ಕೈ ನಿಂತಿತು.

ಐವತ್ತು ದಾಟಿದವರು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಜೆರಾಕ್ಸ್ ಮಡಚಿ ತಂದಿದ್ದರು. ಆದಾಯ ಪ್ರಮಾಣಪತ್ರ ಬೇಕಿತ್ತು. ಲಿಂಗದ ಕಾಲಂನಲ್ಲಿ ಗಂಡು, ಹೆಣ್ಣು, ಇತರೆ ಅಂತ ಇತ್ತು. ನಾನು ಕೇಳದೆ 'ಇತರೆ'ಗೆ ಟಿಕ್ ಹಾಕಿದೆ.

"ಅಣ್ಣಾ, ಇತರೆ ಅಂದ್ರೆ ಯಾರು?" ಅಂದರು. ದನಿಯಲ್ಲಿ ಜಗಳ ಇರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಮದುವೆ ಖರ್ಚಿನ ಪಟ್ಟಿಯಲ್ಲಿ ಎಲ್ಲ ಬರೆದಾದ ಮೇಲೆ, ಲೆಕ್ಕಕ್ಕೆ ಸಿಗದ ಚಿಲ್ಲರೆಗೆ ನಾವು ಹಾಕುವ ಹೆಸರು ಅದು. "ಮಂಗಳಮುಖಿ ಅಂತ ಬರೀಲಾ ಅಮ್ಮ?" ಅಂದೆ. "ಬೇಡ, ಟ್ರಾನ್ಸ್ ಮಹಿಳೆ ಅಂತ ಬರಿ" ಅಂದರು. ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುತ್ತಿರುವವರು ಅಂತ ಅದರರ್ಥ. ಹಾಗೇ ಬರೆದೆ.

ಒಳಗೆ ಕೌಂಟರಿನವರು ಹಿಂದೆ ತಿರುಗಿ, "ಒಂದು ಬಂದಿದೆ ನೋಡಿ ಸಾರ್" ಅಂದರು. ಮಳೆ ಬರುತ್ತದೆ, ಬಸ್ಸು ಬರುತ್ತದೆ. ಮಗು ಬಂತು ಅಂತ ಮುದ್ದಿಗೆ ಅನ್ನುತ್ತೇವೆ. ನನ್ನ ಅಕ್ಕನ ವಯಸ್ಸಿನವರು ಎದುರು ನಿಂತಾಗ 'ಬಂದಿದೆ' ಅನ್ನಬಹುದಾ? ಅವರು ಸೆರಗು ಸರಿಮಾಡಿಕೊಂಡು ಗೋಡೆ ಕಡೆ ನೋಡಿದರು.

ಕನ್ನಡದಲ್ಲಿ ಇದಕ್ಕೆ ದಾರಿ ಎಂದಿನಿಂದಲೂ ಇದೆ. ಅವರು, ಬಂದರು, ಕೊಟ್ಟರು. ನಿಮ್ಮ ಕುರ್ಚಿಯಲ್ಲಿ ಯಾರೇ ಕೂತಿರಲಿ, 'ಮುಖ್ಯ ಕಾರ್ಯದರ್ಶಿಯವರು' ಅಂದರೆ ಸಾಕು, ಗಂಡೋ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲ. ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಗೆ ಬಂದಾಗ ನಾಡೆಲ್ಲ 'ಅಧ್ಯಕ್ಷರು' ಅಂತಲೇ ಕರೆಯಿತು. ಆ ಮರ್ಯಾದೆ ಕೌಂಟರಿಗೂ ಇಳಿಯಲಿ. ಹಿಂಬರಹದಲ್ಲಿ 'ಅರ್ಜಿದಾರನು/ಳು' ತೆಗೆದು 'ಅರ್ಜಿದಾರರು' ಅಂತ ಅಚ್ಚು ಮಾಡಿಸಿ.

ಸರ್ಕಾರ ಕೈಕಟ್ಟಿ ಕೂತಿದೆ ಅಂತ ನಾನು ಹೇಳುತ್ತಿಲ್ಲ. ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿತು. 2021ರಲ್ಲಿ ನಮ್ಮ ರಾಜ್ಯ ಟ್ರಾನ್ಸ್ ಸಮುದಾಯಕ್ಕೆ ಸರ್ಕಾರಿ ಕೆಲಸದಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೊಡ್ಡ ಕೆಲಸ ಅದು. ಆದರೆ ಆ ನಿಯಮದಲ್ಲೂ ಅರ್ಜಿಯ ಕಾಲಂಗೆ ಇಟ್ಟ ಹೆಸರು 'ಇತರೆ'ಯೇ. ಎರಡು ವರ್ಷದ ಮೇಲೆ ಬಂದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಅಂತ ಹೆಸರು ಹಿಡಿದು ಸೇರಿಸಿದಿರಿ. ಬಸ್ಸಿಗೆ ಆಗಿದ್ದು ಅರ್ಜಿಗೂ ಆಗಬಹುದಲ್ವಾ?

ಇನ್ನೊಂದು ವಿಷಯ. 'ಲಿಂಗ' ಅಂತ ಕೇಳಿದಾಗ ನಾವು ಕೇಳುತ್ತಿರುವುದು ದೇಹವನ್ನೋ, ಬದುಕುತ್ತಿರುವ ಗುರುತನ್ನೋ? ಗುರುತಿಗೆ 'ಲಿಂಗತ್ವ' ಅನ್ನುವ ಪದ ಈಗ ಬಳಕೆಗೆ ಬಂದಿದೆ. ಎರಡನ್ನೂ ಬೇರೆ ಬೇರೆ ಕೇಳಿ. ಹುಟ್ಟಿನಿಂದ ದೇಹರಚನೆ ಬೇರೆ ಇರುವ ಅಂತರಲಿಂಗಿಗಳನ್ನೂ ಟ್ರಾನ್ಸ್ ಮಹಿಳೆಯರನ್ನೂ ಒಂದೇ ಚೌಕಕ್ಕೆ ತುರುಕಿದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಆಸ್ಪತ್ರೆಯಲ್ಲಿ ದೇಹದ ವಿಷಯ ನೇರವಾಗಿ ಕೇಳಲೇಬೇಕು. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರೂ ಗಂಡಾಗಿ ಬದುಕುತ್ತಿರುವ, ಗರ್ಭಕೋಶ ಉಳಿಸಿಕೊಂಡಿರುವ ಟ್ರಾನ್ಸ್ ಪುರುಷರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು, ಫಾರಂನಲ್ಲಿ ಬರೀ 'ಗಂಡು' ಅಂತ ಇದ್ದರೆ ಅವರನ್ನು ಯಾರು ಕರೆಯುತ್ತಾರೆ? ಹೆಣ್ಣು, ತಾಯಿ ಅನ್ನುವ ಪದಗಳನ್ನು ಅಳಿಸಿ ಅಂತ ಯಾರೂ ಕೇಳುತ್ತಿಲ್ಲ. ಅವು ಇರಬೇಕಾದ ಕಡೆ ಇರಲಿ. ಆದರೆ ಆದಾಯ ಪ್ರಮಾಣಪತ್ರಕ್ಕೆ ದೇಹದ ಸುದ್ದಿ ಯಾಕೆ?

ಯಾವ ಪದ ಇಡಬೇಕು ಅಂತ ಅವರನ್ನೇ ಕೂರಿಸಿಕೊಂಡು ಕೇಳಿ. ಜೋಗಪ್ಪ, ಹಿಜ್ರಾ, ಮಂಗಳಮುಖಿ ಎಲ್ಲ ಒಂದೇ ಅಲ್ಲ. ಅದು ನನಗೂ ಆವತ್ತೇ ಗೊತ್ತಾಗಿದ್ದು.

ಆ ಅರ್ಜಿ ವಾಪಸ್ ಬಂತು. ನಾನು ಬರೆದ ಪದವನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲವಂತೆ. ಅದನ್ನು ಹೊಡೆದುಹಾಕಿ ಮತ್ತೆ 'ಇತರೆ' ಅಂತಲೇ ಬರೆದುಕೊಟ್ಟೆ. ಅವರು ಏನೂ ಅನ್ನದೆ ಸಹಿ ಹಾಕಿದರು. ಆ ಪಟ್ಟಿಗೆ ಒಂದು ಪದ ಸೇರಿಸುವ ಅಧಿಕಾರ ನನಗಿಲ್ಲ, ಕೌಂಟರಿನವರಿಗೂ ಇಲ್ಲ. ನಿಮ್ಮ ಒಂದು ಸುತ್ತೋಲೆಗೆ ಇದೆ.

ಇಂತಿ,
ನಾಡಕಚೇರಿ ಎದುರಿನ ಅರ್ಜಿ ಬರೆಯುವವನು