ದಿನದ ಸರಾಸರಿಯಲ್ಲಿ ಕಾಣದ ನೂಕುನುಗ್ಗಲು

ಮಾನ್ಯರೇ,

ಹಾಸನದ ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆ ಕಡೆಯ ನಗರ ಸಾರಿಗೆ ಬಸ್ಸುಗಳಿಗೆ ಬೆಳಿಗ್ಗೆ ಕಾಲೇಜು ವೇಳೆಯಲ್ಲಿ ಇನ್ನಷ್ಟು ಟ್ರಿಪ್ ಬೇಕು. ದಿನದ ಲೋಡ್ ಫ್ಯಾಕ್ಟರ್, ಅಂದರೆ ಸೀಟುಗಳಿಗೆ ಹೋಲಿಸಿದರೆ ಸರಾಸರಿ ಎಷ್ಟು ಜನ ಎಂಬ ಲೆಕ್ಕ ನೋಡಿ ಇದನ್ನು ತೀರ್ಮಾನಿಸಿದರೆ ತಪ್ಪಾಗುತ್ತದೆ. 40 ಸೀಟಿನ ಬಸ್ಸೊಂದು ಆರು ಟ್ರಿಪ್ ಮಾಡಿತು ಎಂದಿಟ್ಟುಕೊಳ್ಳಿ. ಎರಡರಲ್ಲಿ ತಲಾ 75 ಜನ, ನಾಲ್ಕರಲ್ಲಿ ತಲಾ 15 ಜನ. ಸರಾಸರಿ 35, ಕಾಗದದ ಮೇಲೆ ಸೀಟು ಇನ್ನೂ ಖಾಲಿ! ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ಹುಡುಗರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ?

ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರವೂ ಪೂರ್ತಿ ಹೇಳುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡುವುದರಿಂದ ವಿದ್ಯಾರ್ಥಿನಿಯರು ಎಣಿಕೆಗೆ ಸಿಗುತ್ತಾರೆ. ಪಾಸ್ ತೋರಿಸಿ ಹೋಗುವ ಹುಡುಗರಿಗೆ ಟಿಕೆಟ್ ಹರಿಯದಿದ್ದರೆ ಅವರು ಸಿಗುವುದಿಲ್ಲ. ಜಾಗವಿಲ್ಲದೆ ಸ್ಟಾಪಿನಲ್ಲೇ ಉಳಿದವರಂತೂ ಯಾವ ಯಂತ್ರಕ್ಕೂ ಸಿಗುವುದಿಲ್ಲ. ನಿಜವಾದ ಬೇಡಿಕೆ ಇರುವುದೇ ಅವರಲ್ಲಿ.

ಒಂದು ಬಸ್ ತಡವಾದರೆ ಇಡೀ ಮಾರ್ಗ ಕೆಡುತ್ತದೆ. ಸ್ಟಾಪಿಗೆ ನಿಮಿಷಕ್ಕೆ ಮೂವರು ಬರುತ್ತಿದ್ದರೆ, ಐದು ನಿಮಿಷದ ತಡಕ್ಕೆ 15 ಜನ ಹೆಚ್ಚಾಗಿ ಸೇರುತ್ತಾರೆ. ಹತ್ತಲು ಒಬ್ಬರಿಗೆ ನಾಲ್ಕು ಸೆಕೆಂಡ್ ಎಂದರೂ ಆ ಒಂದೇ ಸ್ಟಾಪಿನಲ್ಲಿ ಮತ್ತೊಂದು ನಿಮಿಷ ಹೋಯಿತು. ಬಾಗಿಲಲ್ಲೇ ಜನ ನಿಂತಿದ್ದರೆ, ಇಳಿಯುವವರಿಗೂ ಹತ್ತುವವರಿಗೂ ಒಂದೇ ಬಾಗಿಲಾದರೆ ಇನ್ನೂ ಹೆಚ್ಚು. ಹೀಗೆ ಪ್ರತಿ ಸ್ಟಾಪಿನಲ್ಲೂ ಹಿಂದೆ ಬಿದ್ದ ಬಸ್ಸನ್ನು ಹಿಂದಿನ ಬಸ್ ಬಂದು ಕೂಡಿಕೊಳ್ಳುತ್ತದೆ. ಮುಂದಿನದು ಉಸಿರು ಕಟ್ಟುವಷ್ಟು ತುಂಬಿದ್ದರೆ ಹಿಂದಿನದರಲ್ಲಿ ಸೀಟು ಖಾಲಿ.

ಆದ್ದರಿಂದ ಸಾರಿಗೆ ಘಟಕದವರು ಕಾಲೇಜು ನಡೆಯುವ ಒಂದು ಪೂರ್ತಿ ವಾರ, ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6, ಅತಿ ಹೆಚ್ಚು ಜನ ತುಂಬುವ ಸ್ಟಾಪಿನಲ್ಲಿ ಒಬ್ಬರನ್ನು ನಿಲ್ಲಿಸಲಿ. ಬಸ್ ಬಂದ ಸಮಯ, ಒಳಗೆ ನಿಂತವರು, ಹತ್ತಲಾಗದೆ ಉಳಿದವರು, ಈ ಮೂರನ್ನು ಬರೆದುಕೊಂಡರೆ ಸಾಕು. ರಜೆ, ಪರೀಕ್ಷೆ, ಹಬ್ಬದ ವಾರ ಬೇಡ.

ಹೊಸ ಬಸ್ ಕೊಳ್ಳುವವರೆಗೆ ಕಾಯಬೇಕಿಲ್ಲ. ಮಧ್ಯಾಹ್ನ ಖಾಲಿ ಓಡುವ ಒಂದು ಟ್ರಿಪ್ಪನ್ನು ಬೆಳಗಿನ ವೇಳೆಗೆ ತರಬಹುದು. ಬೆಳಿಗ್ಗೆ ಒಂದು ದಿಕ್ಕಿಗಷ್ಟೇ ಜನ ಇರುವ ಕಡೆ ಒಂದು ಬಸ್ಸನ್ನು ಕೊನೆಯವರೆಗೆ ಕಳಿಸದೆ ಕಾಲೇಜಿನ ಬಳಿಯಿಂದಲೇ ತಿರುಗಿಸಿ ಮತ್ತೆ ಹೊರಡಿಸಬಹುದು. ಆಚೆಯ ಊರಿನವರಿಗೆ ತೊಂದರೆಯಾಗದಂತೆ ಒಂದು ಬಿಟ್ಟು ಒಂದು ಬಸ್ಸಿಗೆ ಮಾತ್ರ ಹೀಗೆ ಮಾಡಲಿ. ಎರಡು ಬಸ್ ಜೊತೆಯಾಗಿ ಬಂದರೆ ಸಿಟಿ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಎರಡನೆಯದನ್ನು ನಾಲ್ಕೈದು ನಿಮಿಷ ತಡೆದು ಬಿಡಲಿ.

— ನಿತ್ಯ ಪ್ರಯಾಣಿಕರು, ಹಾಸನ