ಪ್ರಾಗ್‌ಗೆ ಹೊರಟ ಸೋದರ ಸೊಸೆಗೆ

ಮೈಸೂರು

ಚಿ. ಸೌ. ವಿಭಾಳಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನೂ ಅಳಿಯ ಶ್ರೀಧರನೂ ಬರುವ ಶುಕ್ರವಾರ ಬರ್ಲಿನ್‌ನಿಂದ ರೈಲು ಹತ್ತಿ, ಭಾನುವಾರ ಸಂಜೆಯವರೆಗೆ ಪ್ರಾಗ್‌ನಲ್ಲಿ ಇದ್ದು ಬರುವಿರೆಂದು ನಿನ್ನ ತಾಯಿ ಹೇಳಿದಳು. ನೀನು ಅವಳಿಗೆ ಕಳಿಸಿದ ಪಟ್ಟಿಯನ್ನೂ ಓದಿ ಹೇಳಿದಳು. ಅದರಲ್ಲಿ ಹತ್ತೊಂಬತ್ತು ಜಾಗಗಳಿದ್ದವು. ಈ ಪತ್ರ ಬರೆಯಲು ಆ ಪಟ್ಟಿಯೇ ಕಾರಣ. ಏಳು ವರ್ಷದ ಹಿಂದೆ ನಾನೂ ನಿನ್ನ ಸರೋಜತ್ತೆಯೂ ಒಂದು ಪ್ರವಾಸಿ ತಂಡದ ಜೊತೆ ಹತ್ತು ದಿನಗಳಲ್ಲಿ ಆರು ದೇಶ ಸುತ್ತಿದೆವು. ಪ್ರಾಗ್‌ಗೆ ಸಿಕ್ಕಿದ್ದು ಒಂದು ಮಧ್ಯಾಹ್ನ ಮಾತ್ರ. ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಮೋಟಾರ್‌ಸೈಕಲ್‌ಗಳ ನಡುವೆಯೇ ಆಯುಷ್ಯದ ಬಹುಭಾಗ ಕಳೆದ ನನಗೆ, ಆ ಗಾಡಿ 1929ರಲ್ಲಿ ಹುಟ್ಟಿದ ಊರನ್ನು ನೋಡುವ ಆಸೆ ಎಷ್ಟಿತ್ತೆಂದು ನೀನು ಬಲ್ಲೆ. ಆದರೆ ಆ ದಿನದಿಂದ ನನ್ನ ನೆನಪಿನಲ್ಲಿ ಉಳಿದಿರುವುದು ಮಾರ್ಗದರ್ಶಿ ಎತ್ತಿ ಹಿಡಿದಿದ್ದ ಬಾವುಟ, ಅದರ ಹಿಂದೆ ಓಡುತ್ತಿದ್ದ ನಾವು, ಇಷ್ಟೇ. ನಿಮಗೆ ಹಾಗಾಗಬಾರದು. ಹತ್ತೊಂಬತ್ತನ್ನು ನಾಲ್ಕಕ್ಕೆ ಇಳಿಸು.

ಮೊದಲು ದಿನಗಳ ಲೆಕ್ಕ ಸರಿಯಾಗಲಿ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಅವರ ಹಳೆಯ ಕೇರಿಯಾದ ಯೋಸೆಫೋವ್‌ನ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳನ್ನೂ ಸ್ಮಶಾನವನ್ನೂ ಆ ದಿನ ಪ್ರವಾಸಿಗರಿಗೆ ತೆರೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ಸಂತ ವೀಟಸ್ ಚರ್ಚಿನಲ್ಲಿ ಪೂಜೆ ನಡೆಯುವುದರಿಂದ ಮಧ್ಯಾಹ್ನದವರೆಗೆ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಕೋಟೆಗೆ ಶನಿವಾರ, ಯೋಸೆಫೋವ್‌ಗೆ ಭಾನುವಾರ. ಇದು ತಿರುಗುಮುರುಗಾದರೆ ಎರಡು ಕಡೆಯೂ ಮುಚ್ಚಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ.

ಶುಕ್ರವಾರದ ರೈಲಿನಲ್ಲಿ ಎಡಬದಿಯ ಕಿಟಕಿಯ ಸೀಟು ಹಿಡಿಯಿರಿ. ಡ್ರೆಸ್ಡೆನ್ ದಾಟಿದ ಮೇಲೆ ಎಲ್ಬೆ ನದಿ ಆ ಬದಿಯಲ್ಲೇ ಬಹಳ ದೂರ ಜೊತೆಗೆ ಬರುತ್ತದೆ. ಅಲ್ಲಿ ನಡೆಯುವ ಹಣ ಯೂರೋ ಅಲ್ಲ, ಕೊರುನಾ. ಬೀದಿಯಲ್ಲಿ ನಿಂತು ಹಣ ಬದಲಾಯಿಸಿಕೊಡುತ್ತೇನೆನ್ನುವವರನ್ನು ಹತ್ತಿರ ಸೇರಿಸಬೇಡಿ. ಒಬ್ಬನ ಕೈಯಲ್ಲಿ ನಾನು ಐವತ್ತು ಯೂರೋ ಕಳೆದುಕೊಂಡಿದ್ದೇನೆ. ಟ್ರಾಮಿಗೆ ಕಾಗದದ ಟಿಕೆಟ್ ಕೊಂಡರೆ, ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಯಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಜೇಬಿನಲ್ಲಿದ್ದರೂ ದಂಡ ತಪ್ಪುವುದಿಲ್ಲ.

ಅಂದು ಸಂಜೆ ಹಳೆಯ ಪೇಟೆಯ ಚೌಕದಲ್ಲಿರುವ ಗಡಿಯಾರದ ಮುಂದೆ ನಿಲ್ಲಿರಿ. ಗಂಟೆಗೊಮ್ಮೆ ಅದರ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಬೊಂಬೆಗಳು ಬಂದು ಹೋಗುತ್ತವೆ, ಜನ ಫೋನ್ ಎತ್ತಿ ಹಿಡಿಯುತ್ತಾರೆ, ಒಂದು ನಿಮಿಷದೊಳಗೆ ಚದುರುತ್ತಾರೆ. ಚದುರಿದ ಮೇಲೆ ನೀವು ಮುಂದೆ ಹೋಗಿ. 1410ರಲ್ಲಿ ಮಾಡಿದ ಆ ಯಂತ್ರದ ಫಲಕವನ್ನು ನಿಧಾನವಾಗಿ ಓದಿದರೆ, ಸೂರ್ಯ ಈಗ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟಾಗಿದೆ, ನಿನ್ನೆಯ ಸೂರ್ಯಾಸ್ತದಿಂದ ಎಷ್ಟು ಗಂಟೆ ಕಳೆಯಿತು ಎಂಬುದೆಲ್ಲ ಕಾಣುತ್ತದೆ. ಉದಯದಿಂದ ಅಸ್ತದವರೆಗಿನ ಹಗಲನ್ನು ಹನ್ನೆರಡು ಸಮಪಾಲು ಮಾಡಿದ ಗೆರೆಗಳೂ ಅಲ್ಲಿವೆ. ಹಾಗಾಗಿ ಬೇಸಿಗೆಯಲ್ಲಿ ಆ ಗಂಟೆ ಉದ್ದ, ಚಳಿಗಾಲದಲ್ಲಿ ಗಿಡ್ಡ. ನಿನ್ನ ಅಜ್ಜ ಪಂಚಾಂಗ ಮುಂದಿಟ್ಟುಕೊಂಡು, ಅಂದಿನ ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ತೆಗೆಯುತ್ತಿದ್ದುದು ನಿನಗೆ ನೆನಪಿರಬಹುದು. ದಿನವನ್ನು ಸೂರ್ಯನಿಂದಲೇ ಅಳೆಯುವ ಆ ಬುದ್ಧಿ ಅಷ್ಟು ದೂರದ ಊರಿನಲ್ಲಿ ಹಲ್ಲುಚಕ್ರಗಳಾಗಿ ತಿರುಗುತ್ತಿರುವುದನ್ನು ಕಂಡು ನನ್ನ ಮೈ ಜುಮ್ಮೆಂದಿತ್ತು. ಇನ್ನೂ ನೋಡಬೇಕೆನ್ನುವಷ್ಟರಲ್ಲಿ ಬಾವುಟ ಮುಂದೆ ಹೋಯಿತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಚಾರ್ಲ್ಸ್ ಸೇತುವೆಯ ಮೇಲಿರಿ. ಹತ್ತು ಗಂಟೆಯ ಮೇಲೆ ಅಲ್ಲಿ ಜನರ ಬೆನ್ನುಗಳಲ್ಲದೆ ಬೇರೇನೂ ಕಾಣುವುದಿಲ್ಲ. ಹಿಂದಿನ ಸೇತುವೆಯನ್ನು 1342ರ ಪ್ರವಾಹ ಕೊಚ್ಚಿಕೊಂಡು ಹೋದ ಮೇಲೆ ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿಸಿದ. ಹದಿನಾರು ಕಮಾನುಗಳ, 516 ಮೀಟರ್ ಉದ್ದದ ಕಲ್ಲುಸೇತುವೆ. ಎರಡು ಬದಿಯಲ್ಲೂ ಸೇರಿ ಮೂವತ್ತು ಮೂರ್ತಿಗಳಿವೆ. ಅವುಗಳಲ್ಲಿ ಮೊದಲು ನಿಂತದ್ದು, 1683ರಲ್ಲಿ, ನೆಪೊಮುಕ್‌ನ ಯಾನ್ ಎಂಬ ಸಂತನದು. ಅವನನ್ನು 1393ರಲ್ಲಿ ಆಗಿನ ರಾಜನ ಆಜ್ಞೆಯಂತೆ ಇಲ್ಲಿಂದಲೇ ವಲ್ಟಾವಾ ನದಿಗೆ ಎಸೆದರು. ಆ ಮೂರ್ತಿಯ ಪೀಠದಲ್ಲಿರುವ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ, ನಮ್ಮ ದೇವಸ್ಥಾನದ ಹೊಸ್ತಿಲ ಹಿತ್ತಾಳೆಯಂತೆ ಅದು ಹೊಳೆಯುತ್ತದೆ.

ಅಲ್ಲಿಂದ 22ನೆಯ ನಂಬರಿನ ಟ್ರಾಮಿನಲ್ಲಿ ಕೋಟೆಯ ಹತ್ತಿರಕ್ಕೆ ಹೋಗಿ, ನೋಡಿಕೊಂಡು ನಡೆದೇ ಇಳಿಯಿರಿ. ಹತ್ತುವ ಶ್ರಮ ಉಳಿಯುತ್ತದೆ. ವೀಟಸ್ ಚರ್ಚನ್ನು 1344ರಲ್ಲಿ ಶುರುಮಾಡಿ 1929ರಲ್ಲಿ ಮುಗಿಸಿದರು. ಒಳಗೆ ನಿಂತಾಗ, ಮುಗಿದದ್ದನ್ನು ತಾವು ನೋಡುವುದಿಲ್ಲವೆಂದು ಗೊತ್ತಿದ್ದೂ ಕಲ್ಲು ಕೆತ್ತಿದವರನ್ನು ನೆನೆಯಿರಿ.

ಭಾನುವಾರದ ಬೆಳಿಗ್ಗೆಯನ್ನು ಪೂರ್ತಿಯಾಗಿ ಯೋಸೆಫೋವ್‌ಗೆ ಕೊಡಿ. ಆ ಸಮುದಾಯಕ್ಕೆ ಹೂಳಲು ಬೇರೆ ನೆಲ ಸಿಗದೆ ಇದ್ದ ನೆಲದ ಮೇಲೆಯೇ ಮಣ್ಣು ಹಾಕಿ, ಪದರದ ಮೇಲೆ ಪದರವಾಗಿ 1787ರವರೆಗೆ ಹೂಳಿದ ಸ್ಮಶಾನದಲ್ಲಿ, ಸುಮಾರು ಹನ್ನೆರಡು ಸಾವಿರ ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅದರ ಪಕ್ಕದಲ್ಲೇ ಪಿಂಕಾಸ್ ಸಿನಗಾಗ್. ನಾಜಿಗಳು ಕೊಂದ, ಆ ಸೀಮೆಯ ಸುಮಾರು ಎಂಬತ್ತು ಸಾವಿರ ಯಹೂದಿಗಳ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. 1968ರ ನಂತರ ಬಾಗಿಲು ಮುಚ್ಚಿ, ತೇವಕ್ಕೆ ಬಿಟ್ಟು, ಆ ಹೆಸರುಗಳು ಅಳಿಸಿಹೋಗುವಂತಾಯಿತು. 1989ರಲ್ಲಿ ಕಮ್ಯುನಿಸ್ಟರ ಆಳ್ವಿಕೆ ಮುಗಿದ ಮೇಲೆ ಮತ್ತೆ ಒಂದೊಂದಾಗಿ ಬರೆದರು. ಮಹಡಿಯಲ್ಲಿ ನಾಜಿಗಳ ತೆರೆಜಿನ್ ಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳಿವೆ: ಮನೆ, ಹೂವು, ಚಿಟ್ಟೆ. ಅವರಲ್ಲಿ ಬಹುಪಾಲು ಮಕ್ಕಳು ಬದುಕಿ ಉಳಿಯಲಿಲ್ಲ. ಶ್ರೀಧರ ತಲೆ ಮುಚ್ಚಿಕೊಳ್ಳಲಿ. ಅಲ್ಲಿ ಇಬ್ಬರೂ ಫೋಟೊ ತೆಗೆಯುವುದು ಬೇಡ. ಹೊರಬಂದ ಮೇಲೆ ತಕ್ಷಣ ಇನ್ನೊಂದು ಜಾಗಕ್ಕೆ ಓಡದೆ ನದಿಯ ದಂಡೆಯಲ್ಲಿ ಕುಳಿತುಕೊಳ್ಳಿ; ಮಾತು ಬಂದರೆ ಆಡಿ, ಬಾರದಿದ್ದರೆ ಸುಮ್ಮನಿರಿ. ಮದುವೆಯಾದ ಹೊಸದರಲ್ಲಿ ಹಾಗೆ ಜೊತೆಯಾಗಿ ಸುಮ್ಮನೆ ಕೂರುವ ಹೊತ್ತು ನಿಮಗೆ ಬೇಕು. ಬರ್ಲಿನ್‌ನ ನಿಮ್ಮ ಕೆಲಸಗಳ ನಡುವೆ ಅದು ಸಿಗುತ್ತಿಲ್ಲವೆಂದು ನಿನ್ನ ಮಾತಿನಲ್ಲೇ ತಿಳಿಯಿತು.

ಊಟಕ್ಕೆ ಯೋಚನೆ ಬೇಡ. ಹಣ್ಣನ್ನು ಒಳಗಿಟ್ಟು ಬೇಯಿಸಿದ, ನಮ್ಮ ಕಡುಬನ್ನು ಹೋಲುವ ಸಿಹಿ ಸಿಗುತ್ತದೆ. ಬ್ರಂಬೊರಾಕ್ ಎಂಬ ಆಲೂಗಡ್ಡೆ ರೊಟ್ಟಿಯನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವುದೂ ಉಂಟಾದ್ದರಿಂದ ಮೊದಲು ಕೇಳಿಕೊಳ್ಳಿ.

ದೋಣಿ ವಿಹಾರ, ಪೆಟ್ರಿನ್ ಗುಡ್ಡದ ಗೋಪುರ, ಅಂಗಡಿಬೀದಿ ಇವನ್ನೆಲ್ಲ ಪಟ್ಟಿಯಿಂದ ತೆಗೆದುಹಾಕು. ಹಳೆಯ ಜಾವಾ ಗಾಡಿಯ ಫೋಟೊ ಮಾವನಿಗೆ ಬೇಕೆಂದು ಟೆಕ್ನಿಕಲ್ ಮ್ಯೂಸಿಯಂ ಅನ್ನೂ ಸೇರಿಸಿದ್ದೀಯಂತೆ. ನಿನ್ನ ಪ್ರೀತಿ ದೊಡ್ಡದು, ಆದರೆ ಅದನ್ನೂ ತೆಗೆದುಹಾಕು. ಇನ್ನೊಮ್ಮೆ ಹೋದಾಗ ನೋಡಿದರಾಯಿತು.

ಒಂದು ಕೆಲಸ ಮಾತ್ರ ಮಾಡಿಕೊಡು. ಅಂದು ಸೇತುವೆಯ ಮೇಲೆ ಸರೋಜತ್ತೆ ಆ ಕಂಚಿನ ಫಲಕದ ಹತ್ತಿರ ಹೋಗಿದ್ದಳು. ತಂಡ ಮುಂದೆ ಹೋಗುತ್ತಿದೆಯೆಂದು ನಾನೇ ಕೈಹಿಡಿದು ಎಳೆದುಕೊಂಡು ಬಂದೆ. ಈಗ ಅವಳ ಮಂಡಿ ಅಷ್ಟು ದೂರದ ಪ್ರಯಾಣಕ್ಕೆ ಒಪ್ಪುವುದಿಲ್ಲ. ಶನಿವಾರ ಬೆಳಿಗ್ಗೆ ಅವಳ ಪರವಾಗಿ ನೀನು ಅದನ್ನು ಮುಟ್ಟು, ಮುಟ್ಟಿದ ಮೇಲೆ ಅವಳಿಗೇ ಫೋನ್ ಮಾಡು. ಆ ಹೊತ್ತಿಗೆ ಇಲ್ಲಿ ಚೆನ್ನಾಗಿ ಬೆಳಗಾಗಿರುತ್ತದೆ.

ಇತಿ ನಿನ್ನ ಸೋದರಮಾವ